ಪರಿಸರ ಶಾಂತಿನಿರ್ಮಾಣದಲ್ಲಿ ತಂತ್ರಜ್ಞಾನ ಮತ್ತು ದತ್ತಾಂಶ

ನೀರು, ಕಾಡು, ಭೂಮಿ, ಖನಿಜ ಮೊದಲಾದ ನೈಸರ್ಗಿಕ ಸಂಪನ್ಮೂಲಗಳ ಸಲುವಾಗಿ ಹುಟ್ಟುವ ಕಲಹಗಳನ್ನು ತಡೆಯುವುದು, ನಡೆಯುತ್ತಿರುವ ಕಲಹಗಳನ್ನು ಶಮನಗೊಳಿಸುವುದು ಹಾಗೂ ಹಾಳಾದ ಪರಿಸರವನ್ನು ಸರಿಪಡಿಸುವ ಕೆಲಸದ ಮೂಲಕ ಎದುರಾಳಿಗಳ ನಡುವೆ ಸಹಕಾರವನ್ನು ಬೆಳೆಸುವುದು ಪರಿಸರ ಶಾಂತಿನಿರ್ಮಾಣ ಎನಿಸಿಕೊಳ್ಳುತ್ತದೆ. ಈ ಕಾರ್ಯದಲ್ಲಿ ಉಪಗ್ರಹ ಚಿತ್ರಗಳು, ನದಿ ಮತ್ತು ಮಳೆಯನ್ನು ಅಳೆಯುವ ದೂರಮಾಪಕಗಳು, ಗಣಕ ಮಾದರಿಗಳು ಮತ್ತು ಸಾರ್ವಜನಿಕ ದತ್ತಾಂಶ ಭಂಡಾರಗಳ ಬಳಕೆ 21ನೆಯ ಶತಮಾನದಲ್ಲಿ ಗಣನೀಯವಾಗಿ ಹೆಚ್ಚಿದೆ. ಗಡಿಯಾಚೆಯ ನದಿಯಲ್ಲಿ ಎಷ್ಟು ನೀರು ಹರಿಯಿತು, ಯಾವ ಕಾಡು ಯಾವಾಗ ನೆಲಸಮವಾಯಿತು, ಯುದ್ಧದಲ್ಲಿ ಯಾವ ಜಲಾಶಯ ನಾಶವಾಯಿತು ಎಂಬ ಸಂಗತಿಗಳನ್ನು ಈಗ ಸ್ಥಳಕ್ಕೆ ಹೋಗದೆಯೂ ಬಹುಮಟ್ಟಿಗೆ ತಿಳಿಯಬಹುದು.

ಆದರೆ ಅಳತೆ ತಾನಾಗಿಯೇ ಶಾಂತಿಯನ್ನು ತರುವುದಿಲ್ಲ ಎಂಬುದನ್ನು ಸಿಂಧೂ, ಮೆಕಾಂಗ್, ನೀಲ್ (ನೈಲ್), ಕಾವೇರಿ ಮೊದಲಾದ ನದಿಗಳ ಅನುಭವ ತೋರಿಸಿಕೊಟ್ಟಿದೆ. ಅಳೆಯುವವರು ಯಾರು, ಆ ಅಂಕಿಗಳನ್ನು ನೋಡುವ ಮತ್ತು ಪರಿಶೀಲಿಸುವ ಹಕ್ಕು ಯಾರಿಗಿದೆ, ಕೊರತೆಯ ಅಂಕಿ ಬಂದಾಗ ಏನು ಮಾಡಬೇಕೆಂದು ಮೊದಲೇ ಒಪ್ಪಿಗೆಯಾಗಿದೆಯೇ ಎಂಬ ಪ್ರಶ್ನೆಗಳ ಮೇಲೆ ದತ್ತಾಂಶದ ಉಪಯುಕ್ತತೆ ನಿಂತಿದೆ.

ಹಿನ್ನೆಲೆ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದಕ್ಕೆ ಹಿಂದಿನ 60 ವರ್ಷಗಳಲ್ಲಿ ನಡೆದ ಆಂತರಿಕ ಸಂಘರ್ಷಗಳ ಪೈಕಿ ಕನಿಷ್ಠ ಶೇ. 40ರಷ್ಟಕ್ಕೆ ನೈಸರ್ಗಿಕ ಸಂಪನ್ಮೂಲಗಳೊಡನೆ ಸಂಬಂಧವಿತ್ತು. ಇಂತಹ ಸಂಘರ್ಷಗಳು ಶಾಂತಿ ಒಪ್ಪಂದವಾದ ಮೊದಲ 5 ವರ್ಷಗಳಲ್ಲಿ ಮರುಕಳಿಸುವ ಸಾಧ್ಯತೆ ಇತರ ಸಂಘರ್ಷಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂದೂ ಆ ವರದಿ ಹೇಳಿತು.

ಪರಿಸರದ ಕೊರತೆ ಕಲಹಕ್ಕೆ ಕಾರಣವಾಗುತ್ತದೆ ಎಂಬ ವಾದ 1990ರ ದಶಕದಲ್ಲಿ ಪ್ರಬಲವಾಗಿತ್ತು. ಅದೇ ಪರಿಸರ ಸಹಕಾರಕ್ಕೂ ದಾರಿಯಾಗಬಲ್ಲದು ಎಂಬ ವಿಚಾರವನ್ನು ಕೆನ್ ಕಾಂಕಾ ಮತ್ತು ಜೆಫ್ರಿ ಡಾಬೆಲ್ಕೊ ಅವರು 2002ರಲ್ಲಿ ಸಂಪಾದಿಸಿದ 'ಎನ್ವಿರಾನ್‌ಮೆಂಟಲ್ ಪೀಸ್‌ಮೇಕಿಂಗ್' ಕೃತಿ ಮುಂದಿಟ್ಟಿತು. ಪರಿಸರವು ರಾಜಕೀಯ ಗಡಿಗಳನ್ನು ಮೀರಿ ಹರಡಿರುವುದರಿಂದ ಅದರ ರಕ್ಷಣೆಯನ್ನು ಯಾವ ದೇಶವೂ ಒಂಟಿಯಾಗಿ ಮಾಡಲಾರದು. ಹಾಗಾಗಿ ಶತ್ರುಗಳೂ ಮಾತನಾಡಲೇಬೇಕಾದ ವಿಷಯ ಇದು ಎಂಬುದು ಈ ವಾದದ ತಿರುಳು. ಈ ಕ್ಷೇತ್ರದ ಸಂಶೋಧಕರು ಮತ್ತು ಕಾರ್ಯಕರ್ತರನ್ನು ಒಗ್ಗೂಡಿಸುವ ಪರಿಸರ ಶಾಂತಿನಿರ್ಮಾಣ ಸಂಘವು 2018ರಲ್ಲಿ ಸ್ಥಾಪನೆಯಾಯಿತು.

ಸಂಘರ್ಷದ ಪರಿಸರ ಪರಿಣಾಮವನ್ನು ವೈಜ್ಞಾನಿಕವಾಗಿ ಅಳೆಯುವ ಕೆಲಸಕ್ಕೆ 1999ರ ಕೊಸೊವೊ ಯುದ್ಧ ಒಂದು ತಿರುವಾಯಿತು. ಬಾಂಬ್ ದಾಳಿಗೆ ಗುರಿಯಾದ ಕೈಗಾರಿಕಾ ಪ್ರದೇಶಗಳಲ್ಲಿನ ಮಾಲಿನ್ಯವನ್ನು ಪರೀಕ್ಷಿಸಲು ವಿಶ್ವಸಂಸ್ಥೆ ಒಂದು ಕಾರ್ಯಪಡೆಯನ್ನು ಕಳುಹಿಸಿತು. ಪಾಂಚೆವೊ, ನೋವಿ ಸಾದ್, ಕ್ರಾಗುಯೆವಾಟ್ಸ್ ಮತ್ತು ಬೋರ್ ಎಂಬ ನಾಲ್ಕು ಸ್ಥಳಗಳನ್ನು ತುರ್ತಾಗಿ ಶುದ್ಧೀಕರಿಸಬೇಕಾದವು ಎಂದು ಅದು ಗುರುತಿಸಿತು. ಮುಂದೆ 2007ರಲ್ಲಿ ಸುಡಾನ್ ಕುರಿತು ಪ್ರಕಟವಾದ ಸಂಘರ್ಷೋತ್ತರ ಪರಿಸರ ವರದಿಯೂ ಸೇರಿದಂತೆ ಹಲವು ದೇಶಗಳಲ್ಲಿ ಇಂತಹ ಅಧ್ಯಯನಗಳು ನಡೆದವು.

ಬಳಕೆಯಲ್ಲಿರುವ ತಂತ್ರಜ್ಞಾನಗಳು

ಉಪಗ್ರಹ ಚಿತ್ರಗಳು

ಭೂಮಿಯ ಮೇಲ್ಮೈಯನ್ನು ನಿಯತವಾಗಿ ಚಿತ್ರಿಸುವ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ 1972ರಲ್ಲಿ ಹಾರಿತು. ಈ ಸರಣಿಯ ಚಿತ್ರಗಳ ಸಂಗ್ರಹವನ್ನು ಅಮೆರಿಕವು 2008ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು. ಅಲ್ಲಿಯವರೆಗೆ ಹಣವಿದ್ದ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ದಶಕಗಳ ದಾಖಲೆ ಆಗ ಬಡ ದೇಶಗಳ ಸಂಶೋಧಕರಿಗೂ ದೊರೆಯಿತು. ಐರೋಪ್ಯ ಒಕ್ಕೂಟದ ಸೆಂಟಿನೆಲ್ ಉಪಗ್ರಹಗಳು 2014ರಿಂದ ಇದೇ ಉಚಿತ ನೀತಿಯನ್ನು ಅನುಸರಿಸುತ್ತಿವೆ. ಸೆಂಟಿನೆಲ್-2 ಜೋಡಿ ಉಪಗ್ರಹಗಳು 10 ಮೀಟರ್ ಸೂಕ್ಷ್ಮತೆಯ ಚಿತ್ರಗಳನ್ನು ಸುಮಾರು 5 ದಿನಗಳಿಗೊಮ್ಮೆ ನೀಡುತ್ತವೆ. ಸೆಂಟಿನೆಲ್-1 ರೇಡಾರ್ ತರಂಗಗಳನ್ನು ಬಳಸುವುದರಿಂದ ಮೋಡ ಕವಿದಾಗಲೂ ರಾತ್ರಿಯಲ್ಲೂ ನೆಲವನ್ನು ಕಾಣಬಲ್ಲದು. ಮಳೆಗಾಲದಲ್ಲಿ ಜಲಾಶಯಗಳು ತುಂಬುವುದನ್ನು ಗಮನಿಸಲು ಇದು ವಿಶೇಷವಾಗಿ ಉಪಯುಕ್ತ. ಅಮೆರಿಕದ ನಾಸಾ ಮತ್ತು ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಇಸ್ರೋ ಜೊತೆಯಾಗಿ ನಿರ್ಮಿಸಿದ ನಿಸಾರ್ ಎಂಬ ರೇಡಾರ್ ಉಪಗ್ರಹವನ್ನು 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿಸಲಾಯಿತು. ಇದು 12 ದಿನಗಳಿಗೊಮ್ಮೆ ಅದೇ ಸ್ಥಳದ ಮೇಲೆ ಹಾದು ನೆಲದ ಅತಿ ಸಣ್ಣ ಏರಿಳಿತಗಳನ್ನೂ ಗುರುತಿಸುವಂತೆ ರೂಪಿತವಾಗಿದೆ.

ಅಂತರ್ಜಲ ಮತ್ತು ಜಲಮಟ್ಟದ ಮಾಪನ

ನೆಲದೊಳಗಿನ ನೀರು ಕಣ್ಣಿಗೆ ಕಾಣದ ಕಾರಣ ಅದರ ಬಗೆಗಿನ ವಿವಾದಗಳು ಬಹುಕಾಲ ಊಹೆಯ ಮೇಲೆಯೇ ನಡೆದವು. 2002ರಲ್ಲಿ ಹಾರಿಸಲಾದ ಗ್ರೇಸ್ ಎಂಬ ಅಮೆರಿಕ-ಜರ್ಮನಿ ಯೋಜನೆಯ ಜೋಡಿ ಉಪಗ್ರಹಗಳು ಈ ಸ್ಥಿತಿಯನ್ನು ಬದಲಿಸಿದವು. ಒಂದರ ಹಿಂದೊಂದು ಸುಮಾರು 220 ಕಿ.ಮೀ. ಅಂತರದಲ್ಲಿ ಚಲಿಸುತ್ತಿದ್ದ ಇವುಗಳ ನಡುವಿನ ದೂರ, ಕೆಳಗಿನ ಭೂಭಾಗದ ಗುರುತ್ವ ಹೆಚ್ಚು ಕಡಿಮೆಯಾದಂತೆ ಅತಿ ಸ್ವಲ್ಪವಾಗಿ ಬದಲಾಗುತ್ತಿತ್ತು. ಈ ಬದಲಾವಣೆಯಿಂದ ಒಂದು ಪ್ರದೇಶದ ಒಟ್ಟು ನೀರಿನ ತೂಕದ ಏರಿಳಿತವನ್ನು ಲೆಕ್ಕ ಹಾಕಬಹುದು. ರಾಜಸ್ಥಾನ, ಹರಿಯಾಣ (ದೆಹಲಿ ಸೇರಿ) ಮತ್ತು ಪಂಜಾಬ್ ಪ್ರದೇಶವು 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್‌ವರೆಗೆ 109 ಘನ ಕಿ.ಮೀ. ಅಂತರ್ಜಲವನ್ನು ಕಳೆದುಕೊಂಡಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಟೈಗ್ರಿಸ್-ಯೂಫ್ರೆಟಿಸ್ ಜಲಾನಯನ ಮತ್ತು ಪಶ್ಚಿಮ ಇರಾನ್ ಪ್ರದೇಶದಲ್ಲಿ 2003ರಿಂದ 2009ರ ನಡುವೆ ಸುಮಾರು 144 ಘನ ಕಿ.ಮೀ. ನೀರು ಕಡಿಮೆಯಾಯಿತೆಂದು, ಅದರಲ್ಲಿ ಶೇ. 60ರಷ್ಟು ಅಂತರ್ಜಲವೆಂದು 2013ರ ಇನ್ನೊಂದು ಅಧ್ಯಯನ ಹೇಳಿತು. ಈ ಪ್ರದೇಶದ ದೇಶಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವುದು ಅಪರೂಪವಾಗಿದ್ದುದರಿಂದ ಈ ಅಂಕಿಗೆ ವಿಶೇಷ ಮಹತ್ವ ಬಂದಿತು. ಗ್ರೇಸ್ 2017ರಲ್ಲಿ ಕೊನೆಗೊಂಡಿತು. ಅದರ ಉತ್ತರಾಧಿಕಾರಿ ಯೋಜನೆ 2018ರಲ್ಲಿ ಆರಂಭವಾಯಿತು. 2022ರ ಡಿಸೆಂಬರ್‌ನಲ್ಲಿ ನಾಸಾ ಮತ್ತು ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ ಹಾರಿಸಿದ ಸ್ವಾಟ್ ಉಪಗ್ರಹವು ನದಿ, ಕೆರೆ ಮತ್ತು ಜಲಾಶಯಗಳ ನೀರಿನ ಮಟ್ಟವನ್ನು ಆಕಾಶದಿಂದಲೇ ಅಳೆಯುತ್ತದೆ.

ನೆಲಮಟ್ಟದ ಮಾಪಕಗಳು

ಉಪಗ್ರಹದ ಅಂಕಿಗಳು ನೆಲದ ಅಳತೆಯೊಡನೆ ತಾಳೆಯಾದಾಗ ಮಾತ್ರ ವಿಶ್ವಾಸಾರ್ಹವಾಗುತ್ತವೆ. ನದಿಯ ಹರಿವನ್ನು ಅಳೆಯುವ ಮಾಪನ ಕೇಂದ್ರಗಳು, ಅಣೆಕಟ್ಟುಗಳ ಒಳಹರಿವು-ಹೊರಹರಿವಿನ ದಾಖಲೆ, ಕೊಳವೆಬಾವಿಗಳ ಮಟ್ಟದ ವೀಕ್ಷಣೆ ಇವುಗಳಲ್ಲಿ ಮುಖ್ಯ. ಹಿಂದೆ ಸಿಬ್ಬಂದಿ ದಿನಕ್ಕೆ ಕೆಲವು ಬಾರಿ ಅಳತೆಪಟ್ಟಿ ನೋಡಿ ಬರೆದಿಡುತ್ತಿದ್ದ ಅಂಕಿಗಳನ್ನು ಈಗ ದೂರಮಾಪಕಗಳು ತಾವಾಗಿಯೇ ರವಾನಿಸುತ್ತವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಂತಹ ಮಳೆಮಾಪಕಗಳ ಜಾಲವನ್ನು ಹೊಂದಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಸಂಸ್ಥೆ ಇದು.

ಮುನ್ನೆಚ್ಚರಿಕೆಯ ಗಣಕ ಮಾದರಿಗಳು

ಮಳೆ, ಬೆಳೆಯ ಸ್ಥಿತಿ, ಜನಸಂಖ್ಯೆ, ಆಹಾರದ ಬೆಲೆ, ಹಿಂದಿನ ಹಿಂಸಾಚಾರ ಮೊದಲಾದ ದತ್ತಾಂಶಗಳನ್ನು ಯಂತ್ರಕಲಿಕೆಯ ಮೂಲಕ ಪರಿಶೀಲಿಸಿ, ಮುಂದೆ ಎಲ್ಲಿ ಸಂಘರ್ಷ ಉಂಟಾಗಬಹುದು ಎಂದು ಅಂದಾಜಿಸುವ ಪ್ರಯತ್ನಗಳು ನಡೆದಿವೆ. ನೆದರ್ಲೆಂಡ್ಸ್ ವಿದೇಶಾಂಗ ಸಚಿವಾಲಯದ ಬೆಂಬಲದಿಂದ ಹಲವು ಸಂಶೋಧನಾ ಸಂಸ್ಥೆಗಳು ಕೂಡಿ ನಡೆಸುವ 'ನೀರು, ಶಾಂತಿ ಮತ್ತು ಭದ್ರತೆ' ಸಹಯೋಗವು 2019ರ ಕೊನೆಯಲ್ಲಿ ಇಂತಹ ಜಾಗತಿಕ ಸಾಧನವೊಂದನ್ನು ಬಿಡುಗಡೆ ಮಾಡಿತು. ಅದು ಮುಂದಿನ 12 ತಿಂಗಳ ಅವಧಿಗೆ ಅಂದಾಜು ನೀಡುತ್ತದೆ. ಮಾಲಿ ದೇಶದ ಒಳನಾಡಿನ ನೈಜರ್ ಮುಖಜಭೂಮಿಯಂತಹ ಪ್ರದೇಶಗಳಲ್ಲಿ ರೈತರು, ದನಗಾಹಿಗಳು ಮತ್ತು ಮೀನುಗಾರರ ನಡುವಿನ ಮಾತುಕತೆಗೂ ಈ ಸಹಯೋಗ ಕೆಲಸ ಮಾಡಿದೆ.

ಶಾಂತಿಗೆ ನೆರವಾಗುವ ಬಗೆ

ದತ್ತಾಂಶವು ಶಾಂತಿಪ್ರಕ್ರಿಯೆಗೆ ಮುಖ್ಯವಾಗಿ ನಾಲ್ಕು ರೀತಿಯಲ್ಲಿ ನೆರವಾಗುತ್ತದೆ.

ಮೊದಲನೆಯದು, ವಾಸ್ತವಾಂಶದ ಕುರಿತ ವಿವಾದವನ್ನು ಕಡಿಮೆ ಮಾಡುವುದು. ಮೇಲಿನವರು ನೀರನ್ನು ತಡೆಹಿಡಿದಿದ್ದಾರೆ ಎಂಬ ಆರೋಪಕ್ಕೂ ಮಳೆಯೇ ಬಂದಿಲ್ಲ ಎಂಬ ಉತ್ತರಕ್ಕೂ ನಡುವಿನ ಸತ್ಯವನ್ನು ಅಳತೆ ತೋರಿಸಬಲ್ಲದು.

ಎರಡನೆಯದು, ಒಪ್ಪಂದದ ಪಾಲನೆಯನ್ನು ಪರಿಶೀಲಿಸುವುದು. ಒಪ್ಪಿದಷ್ಟು ನೀರು ಹರಿಯುತ್ತಿದೆಯೇ, ಕಡಿಯಬಾರದ ಕಾಡು ಉಳಿದಿದೆಯೇ ಎಂಬುದು ಪ್ರತಿದಿನ ತಿಳಿಯುವಂತಿದ್ದರೆ ಮಾತು ತಪ್ಪುವ ಆಮಿಷ ತಗ್ಗುತ್ತದೆ.

ಮೂರನೆಯದು, ಮುನ್ನೆಚ್ಚರಿಕೆ. ಬರ ಅಥವಾ ಪ್ರವಾಹದ ಸುಳಿವು ವಾರಗಳ ಮೊದಲು ಸಿಕ್ಕರೆ, ಜನ ಬೀದಿಗಿಳಿಯುವ ಮುನ್ನವೇ ಆಡಳಿತಗಳು ಮಾತುಕತೆ ಆರಂಭಿಸಬಹುದು.

ನಾಲ್ಕನೆಯದು, ಜೊತೆಗೂಡಿ ಅಳೆಯುವ ಕೆಲಸದಿಂದ ಬೆಳೆಯುವ ವಿಶ್ವಾಸ. ಎರಡು ಕಡೆಯ ತಂತ್ರಜ್ಞರು ಒಂದೇ ಮಾಪಕದ ಮುಂದೆ ನಿಂತು ಒಂದೇ ಅಂಕಿಯನ್ನು ಬರೆದುಕೊಳ್ಳುವ ರೂಢಿ, ರಾಜಕೀಯ ಸಂಬಂಧ ಕೆಟ್ಟಾಗಲೂ ಮಾತಿನ ಒಂದು ಎಳೆಯನ್ನು ಉಳಿಸಿಕೊಡುತ್ತದೆ.

ಪ್ರಮುಖ ಪ್ರಕರಣಗಳು

ಸಿಂಧೂ ನದಿ

ಭಾರತ ಮತ್ತು ಪಾಕಿಸ್ತಾನಗಳು ವಿಶ್ವಬ್ಯಾಂಕ್ ಮಧ್ಯಸ್ಥಿಕೆಯಲ್ಲಿ 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ಸಹಿ ಹಾಕಿದ ಸಿಂಧೂ ಜಲ ಒಪ್ಪಂದವು ದತ್ತಾಂಶ ವಿನಿಮಯವನ್ನು ಕಡ್ಡಾಯಗೊಳಿಸಿತ್ತು. ನದಿಗಳ ದೈನಂದಿನ ಮಟ್ಟ ಮತ್ತು ಹರಿವು, ಜಲಾಶಯಗಳಿಂದ ಬಿಟ್ಟ ನೀರು, ನಾಲೆಗಳಿಗೆ ತೆಗೆದ ನೀರು ಇವುಗಳ ವಿವರವನ್ನು ಪ್ರತಿ ತಿಂಗಳೂ ಪರಸ್ಪರ ಒದಗಿಸಬೇಕಾಗಿತ್ತು. ಎರಡೂ ದೇಶಗಳ ಆಯುಕ್ತರನ್ನೊಳಗೊಂಡ ಶಾಶ್ವತ ಸಿಂಧೂ ಆಯೋಗ ಇದರ ಹೊಣೆ ಹೊತ್ತಿತ್ತು. 1965, 1971 ಮತ್ತು 1999ರ ಯುದ್ಧಗಳ ಕಾಲದಲ್ಲೂ ಒಪ್ಪಂದ ಮುರಿದುಬೀಳಲಿಲ್ಲ. ಪಹಲ್ಗಾಮ್ ಭಯೋತ್ಪಾದಕ ದಾಳಿಯ ಮರುದಿನ, 2025ರ ಏಪ್ರಿಲ್ 23ರಂದು ಭಾರತವು ಒಪ್ಪಂದವನ್ನು ಅಮಾನತಿನಲ್ಲಿಡುವುದಾಗಿ ಪ್ರಕಟಿಸಿತು. ಆರು ದಶಕಗಳ ವಿನಿಮಯವೂ ರಾಜಕೀಯ ನಿರ್ಧಾರಕ್ಕೆ ಅಧೀನವೇ ಎಂಬುದಕ್ಕೆ ಇದು ನಿದರ್ಶನ.

ಇದೇ ನದಿಯ ನೀರಿನ ಹಂಚಿಕೆಗಾಗಿ ಪಾಕಿಸ್ತಾನದ ಪ್ರಾಂತಗಳು 1991ರಲ್ಲಿ ಮಾಡಿಕೊಂಡ ಆಂತರಿಕ ಒಪ್ಪಂದದ ಅನುಭವ ಮತ್ತೊಂದು ಪಾಠವನ್ನು ಕಲಿಸುತ್ತದೆ. ಪಂಜಾಬ್ ಮತ್ತು ಸಿಂಧ್ ಪ್ರಾಂತಗಳ ನಡುವೆ ಹರಿವಿನ ಅಂಕಿಗಳ ಬಗ್ಗೆ ಅನುಮಾನ ನೀಗದಿದ್ದಾಗ, 2000ದ ದಶಕದ ಮೊದಲ ವರ್ಷಗಳಲ್ಲಿ ಅಣೆಕಟ್ಟು ಮತ್ತು ಬ್ಯಾರೇಜ್‌ಗಳಲ್ಲಿ ದೂರಮಾಪನ ವ್ಯವಸ್ಥೆಯನ್ನು ಅಳವಡಿಸಲಾಯಿತು. ಆದರೆ ಯಂತ್ರಗಳು ನೀಡಿದ ಅಂಕಿಗಳ ನಿಖರತೆಯ ಬಗೆಗೇ ತಕರಾರು ಎದ್ದು ವ್ಯವಸ್ಥೆ ನಿಷ್ಕ್ರಿಯವಾಯಿತು.

ಮೆಕಾಂಗ್ ನದಿ

ಚೀನಾದಲ್ಲಿ ಲಾನ್‌ಸಾಂಗ್ ಎಂಬ ಹೆಸರಿನಿಂದ ಹರಿಯುವ ಮೆಕಾಂಗ್ ನದಿಯ ಕೆಳಭಾಗದಲ್ಲಿ ಕಾಂಬೋಡಿಯಾ, ಲಾವೋಸ್, ಥಾಯ್ಲೆಂಡ್ ಮತ್ತು ವಿಯೆಟ್ನಾಂ ದೇಶಗಳಿವೆ. ಇವು 1995ರಲ್ಲಿ ಮೆಕಾಂಗ್ ನದಿ ಆಯೋಗವನ್ನು ರಚಿಸಿಕೊಂಡವು. ಚೀನಾ ಅದರ ಸದಸ್ಯ ದೇಶವಲ್ಲ. 2002ರ ಒಪ್ಪಂದದಂತೆ ಚೀನಾ ಪ್ರವಾಹದ ಋತುವಿನ ಅಂಕಿಗಳನ್ನು ಮಾತ್ರ ನೀಡುತ್ತಿತ್ತು. ಬೇಸಿಗೆಯಲ್ಲಿ ಮೇಲಿನ ಅಣೆಕಟ್ಟುಗಳು ಎಷ್ಟು ನೀರು ಹಿಡಿದಿಟ್ಟಿವೆ ಎಂಬುದು ಕೆಳಗಿನವರಿಗೆ ಗೊತ್ತಾಗುತ್ತಿರಲಿಲ್ಲ.

2019ರಲ್ಲಿ ಕೆಳಮೆಕಾಂಗ್ ಪ್ರದೇಶವು ತೀವ್ರ ಬರವನ್ನು ಎದುರಿಸಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಶೋಧಕರ ಅಧ್ಯಯನವೊಂದು 1992ರಿಂದ 2019ರವರೆಗಿನ ಉಪಗ್ರಹ ಮಾಹಿತಿಯಿಂದ ಮೇಲಿನ ಜಲಾನಯನದ ಸಹಜ ಹರಿವನ್ನು ಅಂದಾಜಿಸಿ, ಅದನ್ನು ಥಾಯ್ಲೆಂಡ್‌ನ ಚಿಯಾಂಗ್ ಸೇನ್ ಮಾಪನ ಕೇಂದ್ರದ ಅಳತೆಯೊಡನೆ ಹೋಲಿಸಿತು. ಮೇಲ್ಭಾಗದಲ್ಲಿ ತೇವಾಂಶವಿದ್ದಾಗಲೂ ಕೆಳಗೆ ನೀರು ಕಡಿಮೆ ಬಂದಿತ್ತು ಎಂದು ಅದು ವಾದಿಸಿತು. ಚೀನಾ ಇದನ್ನು ಅಲ್ಲಗಳೆಯಿತು. ಮಳೆಯ ಕೊರತೆ ಮತ್ತು ಎಲ್ ನಿನೊ ಪರಿಣಾಮ ಬರಕ್ಕೆ ದೊಡ್ಡ ಕಾರಣವೆಂದು ಅಭಿಪ್ರಾಯಪಟ್ಟ ನದಿ ಆಯೋಗದ ಸಚಿವಾಲಯವು ಹೆಚ್ಚಿನ ಪುರಾವೆ ಬೇಕೆಂದಿತು. ವಿವಾದ ಹೀಗೆ ಮುಂದುವರಿದಿದ್ದರೂ, ಅದೇ ವರ್ಷ ಚೀನಾ ವರ್ಷವಿಡೀ ಅಂಕಿಗಳನ್ನು ನೀಡಲು ಒಪ್ಪಿಕೊಂಡಿತು. 2020ರ ಡಿಸೆಂಬರ್‌ನಲ್ಲಿ ಆರಂಭವಾದ ಮೆಕಾಂಗ್ ಡ್ಯಾಮ್ ಮಾನಿಟರ್ ಎಂಬ ಜಾಲತಾಣವು ಉಪಗ್ರಹ ಚಿತ್ರಗಳ ಆಧಾರದಿಂದ ಜಲಾಶಯಗಳ ಸ್ಥಿತಿಯನ್ನು ಸಾರ್ವಜನಿಕರಿಗೆ ತಿಳಿಸುತ್ತಿದೆ.

ನೀಲ್ ನದಿ

ಇಥಿಯೋಪಿಯಾ ನೀಲಿ ನೀಲ್ ನದಿಗೆ ಅಡ್ಡಲಾಗಿ 2011ರಲ್ಲಿ ನಿರ್ಮಾಣ ಆರಂಭಿಸಿದ ಬೃಹತ್ ಅಣೆಕಟ್ಟಿನ ಜಲಾಶಯದ ಸಾಮರ್ಥ್ಯ 74 ಘನ ಕಿ.ಮೀ. ಜಲಾಶಯವನ್ನು ಎಷ್ಟು ವರ್ಷಗಳಲ್ಲಿ ಹೇಗೆ ತುಂಬಬೇಕೆಂಬ ಬಗ್ಗೆ ಈಜಿಪ್ಟ್ ಮತ್ತು ಸುಡಾನ್ ದೇಶಗಳೊಡನೆ ಮಾತುಕತೆ ನಡೆಯುತ್ತಿದ್ದಾಗಲೇ, 2020ರ ಜುಲೈನಲ್ಲಿ ನೀರು ಏರುತ್ತಿರುವುದು ಸೆಂಟಿನೆಲ್-1 ಚಿತ್ರಗಳಲ್ಲಿ ಕಂಡಿತು. ಗಡಿಯ ಅಲ್-ದೀಮ್ ಮಾಪನ ಕೇಂದ್ರದಲ್ಲಿ ಹರಿವು ದಿನಕ್ಕೆ 9 ಕೋಟಿ ಘನ ಮೀಟರ್‌ನಷ್ಟು ಇಳಿದಿದೆ ಎಂದು ಸುಡಾನ್ ಹೇಳಿತು. ಇದು ಮಳೆಗಾಲದ ಸಹಜ ಶೇಖರಣೆ ಎಂಬ ವಿವರಣೆ ಇಥಿಯೋಪಿಯಾದಿಂದ ಮೊದಲು ಬಂದಿತು. ಕೆಲವೇ ದಿನಗಳಲ್ಲಿ ಮೊದಲ ವರ್ಷದ ಭರ್ತಿ ಪೂರ್ಣಗೊಂಡಿತೆಂದು ಅದೇ ಸರ್ಕಾರ ಘೋಷಿಸಿತು. ಉಪಗ್ರಹಗಳಿಂದಾಗಿ ಗುಟ್ಟು ಉಳಿಯಲಿಲ್ಲವಾದರೂ, ಬರಗಾಲದಲ್ಲಿ ಎಷ್ಟು ನೀರು ಬಿಡಬೇಕೆಂಬ ಕಡ್ಡಾಯ ಒಪ್ಪಂದವಿಲ್ಲದೆಯೇ ಅಣೆಕಟ್ಟು 2025ರ ಸೆಪ್ಟೆಂಬರ್ 9ರಂದು ಉದ್ಘಾಟನೆಯಾಯಿತು.

ಜೋರ್ಡಾನ್ ಕಣಿವೆ

ಇಸ್ರೇಲಿ, ಪ್ಯಾಲೆಸ್ಟೀನಿ ಮತ್ತು ಜೋರ್ಡಾನಿ ಪರಿಸರ ಕಾರ್ಯಕರ್ತರು 1994ರಲ್ಲಿ ಸ್ಥಾಪಿಸಿದ ಎಕೋಪೀಸ್ ಮಿಡ್ಲ್ ಈಸ್ಟ್ ಸಂಸ್ಥೆಯು ಅಮ್ಮಾನ್, ಟೆಲ್ ಅವೀವ್ ಮತ್ತು ರಮಲ್ಲಾಗಳಲ್ಲಿ ಕಚೇರಿಗಳನ್ನು ಹೊಂದಿದೆ. 2001ರಲ್ಲಿ ಅದು ಆರಂಭಿಸಿದ ಯೋಜನೆಯೊಂದು ಗಡಿಯ ಎರಡೂ ಬದಿಯ ನೆರೆಯ ಊರುಗಳನ್ನು ಜೋಡಿಯಾಗಿಸಿ, ಅವರ ಸಮಾನ ನೀರಿನ ಸಮಸ್ಯೆಗಳನ್ನು ಗುರುತಿಸಲು ನೆರವಾಯಿತು. ಒಂದು ಊರಿನ ಕೊಳಚೆ ಇನ್ನೊಂದು ಊರಿನ ಬಾವಿಗೆ ಸೇರುವುದನ್ನು ಊರವರೇ ಮನಗಂಡಾಗ, ರಾಜಕೀಯ ಮಾತುಕತೆ ನಿಂತಿದ್ದರೂ ಚರಂಡಿ ಶುದ್ಧೀಕರಣದ ಬಗ್ಗೆ ಮಾತನಾಡಲು ಅವಕಾಶವಾಗುತ್ತದೆ ಎಂಬುದು ಈ ಯೋಜನೆಯ ತರ್ಕ. ಇಲ್ಲಿ ದುಬಾರಿ ಯಂತ್ರಗಳಿಗಿಂತ ಸ್ಥಳೀಯರ ವೀಕ್ಷಣೆಗೆ ಹೆಚ್ಚಿನ ಸ್ಥಾನವಿದೆ.

ಕೊಲಂಬಿಯಾ

ಕೊಲಂಬಿಯಾ ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ನಡುವೆ 2016ರಲ್ಲಿ ಶಾಂತಿ ಒಪ್ಪಂದವಾಯಿತು. ಬಂಡುಕೋರರು ತೆರವುಗೊಳಿಸಿದ ಅಮೆಜಾನ್ ಪ್ರದೇಶಗಳಿಗೆ ಸರ್ಕಾರದ ಆಡಳಿತ ತಲುಪುವ ಮೊದಲೇ ಭೂಕಬಳಿಕೆದಾರರು ಮತ್ತು ಇತರ ಸಶಸ್ತ್ರ ಗುಂಪುಗಳು ನುಗ್ಗಿದವು. ದೇಶದ ಹವಾಮಾನ ಮತ್ತು ಪರಿಸರ ಅಧ್ಯಯನ ಸಂಸ್ಥೆಯು ಉಪಗ್ರಹ ಚಿತ್ರಗಳಿಂದ ಮಾಡಿದ ಲೆಕ್ಕದ ಪ್ರಕಾರ, 2016ರಲ್ಲಿ ಸುಮಾರು 1.78 ಲಕ್ಷ ಹೆಕ್ಟೇರ್ ಇದ್ದ ಅರಣ್ಯನಾಶ 2017ರಲ್ಲಿ ಸುಮಾರು 2.2 ಲಕ್ಷ ಹೆಕ್ಟೇರ್‌ಗೆ ಏರಿತು. ಬಂದೂಕು ಮೌನವಾದ ಮಾತ್ರಕ್ಕೆ ನೆಲದ ಮೇಲಿನ ಕಲಹ ಮುಗಿಯುವುದಿಲ್ಲ ಎಂಬುದು ಈ ಅಂಕಿಗಳಿಂದ ಬೇಗನೆ ಬೆಳಕಿಗೆ ಬಂದಿತು.

ಕಾವೇರಿ ನದಿ

ಕರ್ನಾಟಕ, ತಮಿಳುನಾಡು, ಕೇರಳ ಮತ್ತು ಪುದುಚೇರಿಗಳ ನಡುವಿನ ಕಾವೇರಿ ಜಲವಿವಾದವು ದೇಶದೊಳಗಿನ ನದಿ ಕಲಹದಲ್ಲಿ ಅಳತೆಯ ಪಾತ್ರವನ್ನು ಸ್ಪಷ್ಟವಾಗಿ ತೋರಿಸುತ್ತದೆ. 1892 ಮತ್ತು 1924ರಲ್ಲಿ ಮೈಸೂರು ಸಂಸ್ಥಾನ ಹಾಗೂ ಮದ್ರಾಸ್ ಪ್ರಾಂತದ ನಡುವೆ ಆದ ಒಪ್ಪಂದಗಳು ಇದರ ಮೂಲ. 1990ರ ಜೂನ್‌ನಲ್ಲಿ ನ್ಯಾಯಾಧಿಕರಣ ರಚನೆಯಾಯಿತು. ಅದರ ಮಧ್ಯಂತರ ಆದೇಶದ ನಂತರ 1991ರ ಡಿಸೆಂಬರ್‌ನಲ್ಲಿಯೂ, ಮುಂದೆ 2016ರ ಸೆಪ್ಟೆಂಬರ್‌ನಲ್ಲಿಯೂ ಬೆಂಗಳೂರು ಹಿಂಸಾಚಾರಕ್ಕೆ ತುತ್ತಾಯಿತು.

ನ್ಯಾಯಾಧಿಕರಣವು 2007ರ ಫೆಬ್ರುವರಿ 5ರ ಅಂತಿಮ ತೀರ್ಪಿನಲ್ಲಿ ಕಾವೇರಿಯ ಒಟ್ಟು ನೀರನ್ನು 740 ಟಿಎಂಸಿ ಅಡಿ ಎಂದು ಲೆಕ್ಕ ಹಾಕಿ, ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30 ಮತ್ತು ಪುದುಚೇರಿಗೆ 7 ಟಿಎಂಸಿ ಅಡಿ ಹಂಚಿತು. ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರುವರಿ 16ರಂದು ಈ ಹಂಚಿಕೆಯನ್ನು ತಿದ್ದಿ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ತಮಿಳುನಾಡಿನ ಪಾಲನ್ನು 404.25ಕ್ಕೆ ಇಳಿಸಿತು. ಹೆಚ್ಚುವರಿಯಾಗಿ ದೊರೆತ 14.75 ಟಿಎಂಸಿ ಅಡಿಯಲ್ಲಿ 4.75 ಬೆಂಗಳೂರಿನ ಅಗತ್ಯಕ್ಕಾಗಿ. ಉಳಿದ 10 ಟಿಎಂಸಿ ಅಡಿಗೆ ಆಧಾರವಾದದ್ದು ತಮಿಳುನಾಡಿನಲ್ಲಿ ಲಭ್ಯವಿರುವ, ಹಿಂದಿನ ಲೆಕ್ಕದಲ್ಲಿ ಸೇರದಿದ್ದ ಅಂತರ್ಜಲ. ನೆಲದಡಿಯ ನೀರಿನ ಅಂದಾಜು ನದಿಯ ಪಾಲನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲು ಬಳಿ 177.25 ಟಿಎಂಸಿ ಅಡಿ ನೀರು ತಮಿಳುನಾಡಿಗೆ ಹರಿಯಬೇಕು. ಅಲ್ಲಿನ ಮಾಪನ ಕೇಂದ್ರವನ್ನು ನಡೆಸುವುದು ಎರಡೂ ರಾಜ್ಯಗಳಿಗೆ ಸೇರದ ಕೇಂದ್ರ ಜಲ ಆಯೋಗ. 2018ರ ಜೂನ್‌ನಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರಕ್ಕೆ ನೆರವಾಗುವ ನಿಯಂತ್ರಣ ಸಮಿತಿಯ ಕೇಂದ್ರಸ್ಥಾನ ಬೆಂಗಳೂರು. ಹೇಮಾವತಿ, ಹಾರಂಗಿ, ಕೃಷ್ಣರಾಜಸಾಗರ, ಕಬಿನಿ, ಮೆಟ್ಟೂರು, ಭವಾನಿಸಾಗರ, ಅಮರಾವತಿ ಮತ್ತು ಬಾಣಾಸುರಸಾಗರ ಎಂಬ ಎಂಟು ಜಲಾಶಯಗಳ ದೈನಂದಿನ ಮಟ್ಟ, ಒಳಹರಿವು ಮತ್ತು ಹೊರಹರಿವಿನ ಅಂಕಿಗಳನ್ನು ಸಂಗ್ರಹಿಸುವುದು ಅದರ ಕರ್ತವ್ಯಗಳಲ್ಲಿ ಒಂದು.

2023ರಲ್ಲಿ ಮುಂಗಾರು ಕೈಕೊಟ್ಟಾಗ ಈ ವ್ಯವಸ್ಥೆಯ ಬಲವೂ ಮಿತಿಯೂ ಗೋಚರಿಸಿದವು. ಆಗಸ್ಟ್ ಕೊನೆಯಲ್ಲಿ ಸಮಿತಿಯು 15 ದಿನಗಳ ಕಾಲ 5,000 ಕ್ಯೂಸೆಕ್ ನೀರು ಬಿಡಲು ಶಿಫಾರಸು ಮಾಡಿತು; ಇದು ಒಟ್ಟು ಸುಮಾರು 6.5 ಟಿಎಂಸಿ ಅಡಿಯಾಗುತ್ತದೆ. ಆದೇಶಗಳನ್ನು ವಿರೋಧಿಸಿ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ಬಿಳಿಗುಂಡ್ಲುವಿನ ಮಾಪಕವು ಎಷ್ಟು ನೀರು ಹರಿಯಿತು ಎಂಬುದಕ್ಕೆ ಉತ್ತರ ನೀಡಿತು. ನೀರೇ ಇಲ್ಲದ ವರ್ಷದಲ್ಲಿ ಕೊರತೆಯನ್ನು ಯಾರು ಎಷ್ಟು ಹೊರಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಸಂಕಷ್ಟ ಕಾಲದ ಹಂಚಿಕೆಗೆ ಎರಡೂ ರಾಜ್ಯಗಳು ಒಪ್ಪುವ ಸೂತ್ರ ರೂಪುಗೊಂಡಿರದಿದ್ದುದೇ ಪ್ರಕ್ಷೋಭೆಯ ಮೂಲವಾಗಿತ್ತು.

ಅಧಿಕೃತ ವೇದಿಕೆಗಳ ಹೊರಗೆ ನಡೆದ ಪ್ರಯತ್ನಗಳಲ್ಲಿ 'ಕಾವೇರಿ ಕುಟುಂಬ' ಗಮನಾರ್ಹ. ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಉಪಕ್ರಮದಿಂದ 2003ರಲ್ಲಿ ಎರಡೂ ರಾಜ್ಯಗಳ ರೈತರು ಒಂದೆಡೆ ಸೇರಿದರು. ಪರಸ್ಪರರ ನಾಲೆ ಮತ್ತು ಗದ್ದೆಗಳನ್ನು ಕಂಡು, ಕೊರತೆಯ ವರ್ಷದಲ್ಲಿ ನೀರು ಹಂಚಿಕೊಳ್ಳುವ ಬಗೆಯನ್ನು ಚರ್ಚಿಸಿದರು. ಅಂತಿಮ ಸೂತ್ರವೊಂದು ಜಾರಿಗೆ ಬರದಿದ್ದರೂ, ಎದುರಾಳಿಯ ಬೆಳೆಯೂ ಒಣಗುತ್ತದೆ ಎಂಬ ಅರಿವು ಮಾತುಕತೆಗೆ ಅಗತ್ಯವೆಂಬುದನ್ನು ಈ ಪ್ರಯತ್ನ ತೋರಿಸಿತು.

ಯುದ್ಧಕಾಲದ ಹಾನಿಯ ದಾಖಲೆ

ಯುದ್ಧ ನಡೆಯುತ್ತಿರುವಾಗ ತಜ್ಞರು ಸ್ಥಳಕ್ಕೆ ತಲುಪಲಾಗದ ಕಡೆ ಉಪಗ್ರಹಗಳೇ ಮುಖ್ಯ ಸಾಕ್ಷಿಯಾಗುತ್ತವೆ. ಯುಕ್ರೇನಿನ ದ್ನಿಪ್ರೊ ನದಿಯ ಕಖೋವ್ಕಾ ಅಣೆಕಟ್ಟು 2023ರ ಜೂನ್ 6ರಂದು ಧ್ವಂಸವಾದಾಗ, ಸುಮಾರು 18 ಘನ ಕಿ.ಮೀ. ಸಾಮರ್ಥ್ಯದ ಜಲಾಶಯ ಬರಿದಾದುದನ್ನೂ ಕೆಳಗಿನ ಊರುಗಳು ಮುಳುಗಿದುದನ್ನೂ ಉಪಗ್ರಹ ಚಿತ್ರಗಳು ದಾಖಲಿಸಿದವು. ಇಂತಹ ದಾಖಲೆಗಳು ತಕ್ಷಣದ ಪರಿಹಾರ ಕಾರ್ಯಕ್ಕೂ ಮುಂದಿನ ಹೊಣೆಗಾರಿಕೆ ನಿರ್ಧಾರಕ್ಕೂ ಆಧಾರವಾಗುತ್ತವೆ.

ಮಿತಿಗಳು ಮತ್ತು ಟೀಕೆಗಳು

ನಿಖರತೆಯ ಮಿತಿ: ಗುರುತ್ವ ಆಧಾರಿತ ಉಪಗ್ರಹಗಳು ನೂರಾರು ಕಿ.ಮೀ. ವಿಸ್ತಾರದ ಪ್ರದೇಶದ ಒಟ್ಟು ಚಿತ್ರಣವನ್ನು ಮಾತ್ರ ನೀಡುತ್ತವೆ. ಒಂದು ತಾಲ್ಲೂಕಿನ ಅಥವಾ ಎರಡು ಹಳ್ಳಿಗಳ ನಡುವಿನ ಅಂತರ್ಜಲದ ತಕರಾರನ್ನು ಅವುಗಳಿಂದ ಬಗೆಹರಿಸಲಾಗದು.

ರಾಜತಾಂತ್ರಿಕ ಅಸ್ತ್ರವಾಗುವ ಅಪಾಯ: ದತ್ತಾಂಶವನ್ನು ನೀಡುವ ಅಧಿಕಾರವಿದ್ದವರಿಗೆ ಅದನ್ನು ತಡೆಯುವ ಅಧಿಕಾರವೂ ಇರುತ್ತದೆ. ಬ್ರಹ್ಮಪುತ್ರದ ಪ್ರವಾಹ ಋತುವಿನ ಅಂಕಿಗಳನ್ನು ಭಾರತಕ್ಕೆ ನೀಡಲು ಚೀನಾ 2002ರಲ್ಲಿ ಒಪ್ಪಿತ್ತು. 2017ರಲ್ಲಿ ಡೋಕ್ಲಾಮ್ ಗಡಿ ಬಿಕ್ಕಟ್ಟಿನ ವರ್ಷ ಆ ಅಂಕಿಗಳು ಬರಲಿಲ್ಲ. ಮಾಪನ ಕೇಂದ್ರದ ದುರಸ್ತಿಯೇ ಕಾರಣವೆಂದು ಚೀನಾ ಹೇಳಿತು. 2018ರಲ್ಲಿ ವಿನಿಮಯ ಪುನರಾರಂಭವಾಯಿತು.

ಅಸಮಾನ ಸಾಮರ್ಥ್ಯ: ಚಿತ್ರಗಳು ಉಚಿತವಾದರೂ ಅವನ್ನು ವಿಶ್ಲೇಷಿಸುವ ತಜ್ಞರು ಮತ್ತು ಗಣಕಗಳು ಎಲ್ಲ ಕಡೆ ಸಮಾನವಾಗಿ ಇರುವುದಿಲ್ಲ. ಒಂದು ಪಕ್ಷ ಮಾತ್ರ ವಿಶ್ಲೇಷಣೆ ಮಾಡಬಲ್ಲದಾದರೆ ಮಾತುಕತೆಯಲ್ಲಿ ಅದರ ಕೈ ಮೇಲಾಗುತ್ತದೆ.

ಮುನ್ಸೂಚನೆಯ ದೋಷಗಳು: ಸಂಘರ್ಷದ ಮುನ್ಸೂಚನಾ ಮಾದರಿಗಳು ಹಿಂದಿನ ಘಟನೆಗಳ ವರದಿಯನ್ನು ಆಧರಿಸುತ್ತವೆ. ಪತ್ರಕರ್ತರು ತಲುಪದ ಪ್ರದೇಶಗಳ ಹಿಂಸೆ ಅವುಗಳ ಲೆಕ್ಕಕ್ಕೆ ಸಿಗುವುದಿಲ್ಲ. ತಪ್ಪು ಎಚ್ಚರಿಕೆಗಳು ಪದೇ ಪದೇ ಬಂದರೆ ನಿಜವಾದ ಎಚ್ಚರಿಕೆಯೂ ಕಡೆಗಣನೆಗೆ ಒಳಗಾಗುತ್ತದೆ. ಒಂದು ಸಮುದಾಯ ವಾಸಿಸುವ ಪ್ರದೇಶವನ್ನು ಅಪಾಯಕಾರಿ ಎಂದು ಗುರುತಿಸುವುದರಿಂದ ಅದರ ಮೇಲೆ ಪೊಲೀಸ್ ಒತ್ತಡ ಹೆಚ್ಚುವ ಸಂಭವವೂ ಇದೆ.

ವ್ಯಕ್ತಿಗಳ ಸುರಕ್ಷತೆ: ಅಕ್ರಮ ಗಣಿಗಾರಿಕೆ ಅಥವಾ ಮರಗಳ್ಳತನದ ಛಾಯಾಚಿತ್ರವನ್ನು ಕಳುಹಿಸಿದ ಗ್ರಾಮಸ್ಥರ ಗುರುತು ಬಯಲಾದರೆ ಅವರ ಪ್ರಾಣಕ್ಕೇ ಅಪಾಯ ಒದಗಬಹುದು. ಅಪರೂಪದ ಖನಿಜ ಅಥವಾ ವನ್ಯಜೀವಿಗಳಿರುವ ಸ್ಥಳದ ನಿಖರ ನಕ್ಷೆ ಲೂಟಿಕೋರರಿಗೂ ದಾರಿ ತೋರಿಸುತ್ತದೆ.

ಮೌಲ್ಯದ ಪ್ರಶ್ನೆಗಳು: ಕುಡಿಯುವ ನೀರು ಮೊದಲೋ, ನಿಂತ ಬೆಳೆ ಮೊದಲೋ, ವಿದ್ಯುತ್ ಮೊದಲೋ ಎಂಬುದನ್ನು ಯಾವ ಮಾಪಕವೂ ನಿರ್ಣಯಿಸದು. ಇಂತಹ ರಾಜಕೀಯ ಮತ್ತು ನೈತಿಕ ಪ್ರಶ್ನೆಗಳನ್ನು ಕೇವಲ ತಾಂತ್ರಿಕ ಸಮಸ್ಯೆಗಳೆಂದು ಬಿಂಬಿಸುವುದು ದುರ್ಬಲರ ದನಿಯನ್ನು ಅಡಗಿಸುತ್ತದೆ ಎಂಬ ಟೀಕೆಯೂ ಇದೆ.

ಫಲಕಾರಿಯಾಗಲು ಬೇಕಾದ ಅಂಶಗಳು

ಮೇಲಿನ ಪ್ರಕರಣಗಳಿಂದ ಕೆಲವು ಸಾಮಾನ್ಯ ಅಂಶಗಳು ಹೊರಡುತ್ತವೆ. ಅಳತೆಯನ್ನು ಎರಡೂ ಪಕ್ಷಗಳು ಜೊತೆಯಾಗಿ ಅಥವಾ ಇಬ್ಬರೂ ಒಪ್ಪುವ ಮೂರನೆಯ ಸಂಸ್ಥೆ ಮಾಡಬೇಕು. ಅಂಕಿಗಳ ಜೊತೆಗೆ ಅಳೆಯುವ ವಿಧಾನವೂ ಬಹಿರಂಗವಾಗಿರಬೇಕು. ಉಪಗ್ರಹದ ಅಂದಾಜನ್ನು ನೆಲದ ಅಳತೆಯೊಡನೆ ತಾಳೆ ನೋಡಬೇಕು. ಮಾಹಿತಿಯು ಅಧಿಕಾರಿಗಳ ಕಡತದಲ್ಲಿ ಉಳಿಯದೆ, ನದಿ ಮತ್ತು ಕಾಡನ್ನು ನಂಬಿ ಬದುಕುವ ಜನರಿಗೆ ಅವರ ಭಾಷೆಯಲ್ಲಿ ದೊರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಂಕಷ್ಟದ ವರ್ಷದ ನಿಯಮವನ್ನು ಸಮೃದ್ಧಿಯ ವರ್ಷದಲ್ಲಿಯೇ ರೂಪಿಸಿಕೊಳ್ಳಬೇಕು. ಜಲಾಶಯ ಬರಿದಾದ ಮೇಲೆ ಬರುವ ಅಂಕಿಯನ್ನು ಪ್ರತಿ ಪಕ್ಷವೂ ತನ್ನ ವಾದಕ್ಕೆ ಬಳಸಿಕೊಳ್ಳುತ್ತದೆ. ನಿಯಮವು ಮೊದಲೇ ಒಪ್ಪಿತವಾಗಿದ್ದರೆ ಅದೇ ಅಂಕಿ ಹಂಚಿಕೆಗೆ ಆಧಾರವಾಗುತ್ತದೆ.

ಇವನ್ನೂ ನೋಡಿ

ಕಾವೇರಿ ಜಲವಿವಾದ
ಸಿಂಧೂ ಜಲ ಒಪ್ಪಂದ
ಮೆಕಾಂಗ್ ನದಿ
ದೂರಸಂವೇದನೆ
ಅಂತರ್ಜಲ